ಹತ್ತು ವರ್ಷ ಕಾದ ಸಿನಿಮಾದ ಪಾರ್ಟ್ 2 ಬೇಜಾರ್ ಮಾಡಿದ್ರೆ ಏನ್ ಮಾಡೋದು? ಸಕಲೇಶಪುರದ ಒಬ್ಬ ಫ್ಯಾನ್ ಬರೆದ ಗೈಡ್

ಇದು ಯಾರಿಗೆ ಅಂದ್ರೆ, ಒಂದು ಸಿನಿಮಾನ ಮನಸಾರೆ ಹಚ್ಕೊಂಡು, ಡೈಲಾಗು ಹಾಡು ಎಲ್ಲ ಬಾಯಿಪಾಠ ಆಗಿ, "ಪಾರ್ಟ್ 2 ಬರುತ್ತಂತೆ" ಅನ್ನೋ ಸುದ್ದಿ ಹಿಡ್ಕೊಂಡು ವರ್ಷಗಟ್ಲೆ ಕಾದು, ಕೊನೆಗೆ ಬಂದಾಗ ಮೊದಲ್ನೇ ದಿನಾನೇ ಹೋಗಿ ಕೂತು, ಆಚೆ ಬರುವಾಗ ಜೊತೆಗಿದ್ದೋರಿಗೆ ಏನ್ ಹೇಳ್ಬೇಕು ಅಂತ ಗೊತ್ತಾಗದೆ ಸುಮ್ನೆ ಬೈಕ್ ಕೀ ಹುಡುಕ್ತಾ ನಿಂತಿರ್ತಾರಲ್ಲ, ಅವ್ರಿಗೆ. "ಅಯ್ಯೋ ಒಂದು ಸಿನಿಮಾಗೆ ಯಾಕಪ್ಪಾ ಇಷ್ಟೊಂದು" ಅನ್ನೋರು ಬೇರೆ ಏನಾದ್ರೂ ಓದ್ಕೊಳ್ಳಿ, ಬೇಜಾರಿಲ್ಲ.

ನಾನ್ ಹೇಳೋದು ಒಂದೇ. ಬೇಜಾರಾಯ್ತು ಅಂದ್ರೆ ಏನೋ ಒಂದು ಸಿಗ್ಲಿಲ್ಲ ಅಂತ ಅರ್ಥ, ಆ "ಏನೋ" ಏನು ಅಂತ ಪಕ್ಕಾ ಹಿಡೀರಿ. ಡಬ್ಬಾ, ವೇಸ್ಟು, ದುಡ್ಡು ದಂಡ ಅಂತ ಯಾರ್ ಬೇಕಾದ್ರೂ ಅಂತಾರೆ, ಮೊದಲ್ನೇ ಸಲ ನೋಡಿದೋನೂ ಅಂತಾನೆ. ಇಷ್ಟು ವರ್ಷ ಪ್ರೀತಿಸಿದ ಫ್ಯಾನ್ ಕೂಡ ಅಷ್ಟೇ ಹೇಳೋದಾದ್ರೆ ಆ ಪ್ರೀತಿಯಿಂದ ಬಂದಿದ್ದೇನು? ಯಾವ ಸೀನಲ್ಲಿ ಮನಸ್ಸು ಕಳಚ್ಕೊಳ್ತು, ಹಳೇದ್ರಲ್ಲಿ ಇದ್ದ ಯಾವುದು ಹೊಸದ್ರಲ್ಲಿ ಇಲ್ಲ, ಇದನ್ನ ಬೆರಳಿಟ್ಟು ತೋರ್ಸೋಕೆ ಬರೋದು ಫ್ಯಾನ್‌ಗೆ ಮಾತ್ರ.

ನನ್ನ ಉದಾಹರಣೆ ಮುಂಗಾರು ಮಳೆ. 2006 ಡಿಸೆಂಬರ್ ಕೊನೇಲಿ ಬಂದಿದ್ದು, ಯೋಗರಾಜ್ ಭಟ್ರ ಡೈರೆಕ್ಷನ್, ಮನೋಮೂರ್ತಿ ಮ್ಯೂಸಿಕ್, ಎಸ್. ಕೃಷ್ಣ ಕ್ಯಾಮೆರಾ, ಗಣೇಶ್, ಪೂಜಾ ಗಾಂಧಿ, ಅನಂತ್ ನಾಗ್. ಬೆಂಗಳೂರಲ್ಲಿ ಮಲ್ಟಿಪ್ಲೆಕ್ಸಲ್ಲೇ ಒಂದು ವರ್ಷಕ್ಕೂ ಜಾಸ್ತಿ ಓಡ್ತು. ಕಥೆಯಲ್ಲಿ ಅದು ಮಡಿಕೇರಿ, ಆದ್ರೆ ತೆರೆ ಮೇಲೆ ಕಾಣೋ ಮಳೆ, ತೋಟ, ರಸ್ತೆ ಬಹಳಷ್ಟು ನಮ್ಮ ಸಕಲೇಶಪುರ ಸುತ್ತಮುತ್ತದ್ದು. ಹಂಗಾಗಿ ನಮ್ಮೂರಿನೋರಿಗೆ ಅದು ಬರೀ ಹಿಟ್ ಸಿನಿಮಾ ಅಲ್ಲ, ದಿನಾ ಕಾಲಿಗೆ ಕೆಸರು ಮೆತ್ತಿಸ್ತಿದ್ದ, ಬಟ್ಟೆ ಒಣಗಕ್ಕೆ ಬಿಡದೆ ಸತಾಯಿಸ್ತಿದ್ದ ಮಳೆನ ಯಾರೋ ಬಂದು ಇಷ್ಟು ಚೆನ್ನಾಗಿದೆ ನೋಡ್ರೋ ಅಂತ ತೋರಿಸಿ ಹೋದ ಹಾಗೆ ಆಗಿತ್ತು. ಮುಂಗಾರು ಮಳೆ 2 ಬಂದಿದ್ದು 2016 ಸೆಪ್ಟೆಂಬರ್‌ನಲ್ಲಿ, ಹತ್ರ ಹತ್ರ ಹತ್ತು ವರ್ಷ ಆದ್ಮೇಲೆ. ನನಗೆ ಬೇಕಾಗಿದ್ದು ಅದ್ರಲ್ಲಿ ಸಿಗ್ಲಿಲ್ಲ. ತೆಗೆದೋರು ಮೋಸ ಮಾಡಿದ್ರು ಅಂತ ನಾನು ಯಾವತ್ತೂ ಅನ್ನಲ್ಲ, ಅವ್ರು ಬೇರೆ ಸಿನಿಮಾ ತೆಗೆದ್ರು, ನಾನು ಬೇರೆ ಸಿನಿಮಾ ಹುಡ್ಕೊಂಡು ಹೋದೆ. ಇದು ಬಾಯಲ್ಲಿ ಹೇಳೋಕೆ ಸುಲಭ, ಒಳಗೆ ಇಳಿಯೋಕೆ ತುಂಬಾ ಟೈಮ್ ಬೇಕಾಯ್ತು, ಆ ಟೈಮಲ್ಲಿ ಕಲ್ತಿದ್ದೇ ಕೆಳಗೆ ಬರೆದಿರೋದು.

ಟಿಕೆಟ್ ಬುಕ್ ಮಾಡೋ ಮುಂಚೆ: ಇದು ಯಾವ ಥರದ "2"?

ಅರ್ಧ ಬೇಜಾರು ಇಲ್ಲೇ ತಪ್ಪುತ್ತೆ, ಅದಕ್ಕೆ ಇದನ್ನ ಸ್ವಲ್ಪ ಉದ್ದ ಹೇಳ್ತೀನಿ. ಹೆಸ್ರ ಮುಂದೆ 2 ಇದ್ರೆ ಎಲ್ಲಾ ಒಂದೇ ಅಲ್ಲ. ಕೆಜಿಎಫ್ ನೋಡಿ, 2018ರಲ್ಲಿ ಚಾಪ್ಟರ್ 1, 2022ರಲ್ಲಿ ಚಾಪ್ಟರ್ 2, ಅದು ಒಂದೇ ಕಥೆ, ಮಧ್ಯದಲ್ಲಿ ನಿಲ್ಸಿ ಮುಂದುವರ್ಸಿದ್ದು. ಅಲ್ಲಿ "ಆಮೇಲೇನಾಯ್ತು" ಅಂತ ಕೇಳೋ ಹಕ್ಕು ನಮಗೆ ಪೂರ್ತಿ ಇದೆ. ಆಪ್ತಮಿತ್ರ 2004, ಆಪ್ತರಕ್ಷಕ 2010, ಇದು ಇನ್ನೊಂದು ಥರ, ಡಾಕ್ಟ್ರು ಅದೇ ಡಾಕ್ಟ್ರು, ನಾಗವಲ್ಲಿ ಹೆಸ್ರೂ ಬರುತ್ತೆ, ಆದ್ರೆ ಮನೆ ಬೇರೆ, ಜನ ಬೇರೆ, ಕೇಸ್ ಬೇರೆ. ಎರಡಕ್ಕೂ ಪಿ. ವಾಸು ಡೈರೆಕ್ಟರ್, ಗುರುಕಿರಣ್ ಮ್ಯೂಸಿಕ್. ಡಾಕ್ಟ್ರ ಪಾತ್ರ ಮಾಡಿದ್ದ ವಿಷ್ಣುವರ್ಧನ್ ಸರ್ 2009 ಡಿಸೆಂಬರ್ 30ಕ್ಕೆ ಹೋಗ್ಬಿಟ್ರು, ಸಿನಿಮಾ ಬಂದಿದ್ದು ಫೆಬ್ರವರಿಲಿ, ಆವಾಗ ಥಿಯೇಟ್ರಲ್ಲಿ ಕೂತೋರು ಯಾರೂ ಬರೀ ಸೀಕ್ವೆಲ್ ನೋಡ್ತಿರ್ಲಿಲ್ಲ, ಆ ಕಥೆ ಬೇರೆ. ಕಾಂತಾರ ಚಾಪ್ಟರ್ 1 ಬಂದಿದ್ದು 2025ರಲ್ಲಿ, ಅದು ಮುಂದಕ್ಕೆ ಹೋಗಲ್ಲ, 2022ರ ಕಥೆಗಿಂತ ಹಿಂದಕ್ಕೆ ಹೋಗುತ್ತೆ, ಹಳೇ ಪಾತ್ರಗಳಿಗೆ ಮುಂದೇನಾಯ್ತು ಅಂತ ತಿಳ್ಕೊಳ್ಳೋಕೆ ಹೋದ್ರೆ ಸಿಗಲ್ಲ.

ಇನ್ನೊಂದು ಥರ ಇದೆ, ಫ್ಯಾನ್‌ಗಳಿಗೆ ಜಾಸ್ತಿ ನೋವಾಗೋದು ಅದ್ರಲ್ಲೇ. ಹೆಸರು ಅದೇ, ಹೀರೋ ಅದೇ, ಪಾತ್ರದ ಹೆಸರೂ ಅದೇ, ಕಥೆ ಮಾತ್ರ ಹೊಸದು. ಮುಂಗಾರು ಮಳೆ 2ರಲ್ಲಿ ಗಣೇಶ್ ಮತ್ತೆ ಪ್ರೀತಮ್ಮೇ, ಹುಡುಗಿ ಹೆಸರು ಮತ್ತೆ ನಂದಿನಿನೇ, ಆದ್ರೆ ನೇಹಾ ಶೆಟ್ಟಿ, ಪ್ರೀತಮ್ ಅಪ್ಪನಾಗಿ ರವಿಚಂದ್ರನ್. ಮೊದಲ್ನೇ ಪ್ರೀತಮ್ ಪ್ರೀತಿನ ಬಿಟ್ಟುಕೊಟ್ಟು ಹೋಗಿದ್ನಲ್ಲ, ಆಮೇಲೆ ಅವನ ಬದುಕು ಏನಾಯ್ತು, ನಂದಿನಿ ಏನಾದ್ಲು, ಇದೆಲ್ಲ ತಲೇಲಿ ಇಟ್ಕೊಂಡು ಹೋದ ನನ್ನಂಥೋರಿಗೆ ಅಲ್ಲಿ ಉತ್ತರ ಇರ್ಲಿಲ್ಲ, ಯಾಕಂದ್ರೆ ಆ ಪ್ರಶ್ನೆನೇ ಆ ಸಿನಿಮಾದ್ದಲ್ಲ. ಗಾಳಿಪಟ 2 ಕೂಡ ಇದೇ ಜಾತಿ, 2008ರದ್ದಕ್ಕೂ 2022ರದ್ದಕ್ಕೂ ಭಟ್ರೇ ಡೈರೆಕ್ಟರ್, ಗಣೇಶ್ ದಿಗಂತ್ ಇಬ್ರೂ ಇದಾರೆ, ಆದ್ರೆ ಮೂರನೇ ಗೆಳೆಯ ರಾಜೇಶ್ ಕೃಷ್ಣನ್ ಬದ್ಲು ಪವನ್ ಕುಮಾರ್, ಮ್ಯೂಸಿಕ್ ಹರಿಕೃಷ್ಣ ಬದ್ಲು ಅರ್ಜುನ್ ಜನ್ಯ.

ಹಾಗಾಗಿ ಟ್ರೇಲರ್ ನೋಡೋಕಿಂತ ಮುಂಚೆ ಪೋಸ್ಟರ್‌ನ ಕೆಳಗಡೆ ಸಣ್ಣ ಅಕ್ಷರದಲ್ಲಿ ಇರೋ ಹೆಸ್ರುಗಳನ್ನ ಓದಿ. ಕಥೆ ಯಾರದು, ಡೈರೆಕ್ಷನ್ ಯಾರದು, ಸಂಭಾಷಣೆ ಯಾರದು, ಮ್ಯೂಸಿಕ್ ಯಾರದು, ಕ್ಯಾಮೆರಾ ಯಾರದು. ನಿಮಗೆ ಹಳೇ ಸಿನಿಮಾದಲ್ಲಿ ಇಷ್ಟ ಆಗಿದ್ದು ಮಾತು ಅಂದ್ರೆ ಸಂಭಾಷಣೆಯೋರು ಬಂದಿದಾರಾ ನೋಡಿ, ಹಾಡು ಅಂದ್ರೆ ಮ್ಯೂಸಿಕ್ಕು. ಮುಂಗಾರು ಮಳೆ 2ಕ್ಕೆ ಡೈರೆಕ್ಟರ್ ಶಶಾಂಕ್, ಮೊಗ್ಗಿನ ಮನಸು ತೆಗೆದೋರು, ಅವ್ರದ್ದೇ ಒಂದು ದಾರಿ ಇದೆ, ಅವ್ರು ಭಟ್ರ ಥರ ಮಾತಾಡ್ಸ್ಬೇಕು ಅಂತ ನಿರೀಕ್ಷೆ ಮಾಡೋದು ಅವ್ರಿಗೂ ಅನ್ಯಾಯ, ನಮಗೂ ಅನ್ಯಾಯ. ಹಂಗಂತ ಹಳೇ ತಂಡ ಬಂದ್ರೆ ಗ್ಯಾರಂಟಿ ಅಂತಾನೂ ಅಲ್ಲ. ಇಂಡಿಯನ್ 1996, ಇಂಡಿಯನ್ 2 ಬಂದಿದ್ದು 2024, ಇಪ್ಪತ್ತೆಂಟು ವರ್ಷ, ಎರಡಕ್ಕೂ ಶಂಕರ್ ಮತ್ತು ಕಮಲ್ ಹಾಸನ್, ಆದ್ರೂ ಹಳೇ ಫ್ಯಾನ್‌ಗಳು ಎಷ್ಟು ನೊಂದ್ಕೊಂಡ್ರು ಅಂತ ಎಲ್ರಿಗೂ ಗೊತ್ತು. ಅಷ್ಟು ವರ್ಷದಲ್ಲಿ ತೆಗೆಯೋರೂ ಬದಲಾಗಿರ್ತಾರೆ, ಅದನ್ನ ಯಾವ ಪೋಸ್ಟರೂ ಹೇಳಲ್ಲ.

ಹೋಗೋ ದಿನ

ಹಳೇ ಸಿನಿಮಾನ ಹಿಂದಿನ ದಿನ ರಾತ್ರಿ ಕೂತು ನೋಡ್ಬೇಡಿ. ಎಲ್ರೂ ಅದನ್ನೇ ಮಾಡ್ತಾರೆ, ನೆನಪು ಫ್ರೆಶ್ ಆಗ್ಲಿ ಅಂತ. ಕಥೆ ಮುಂದುವರಿಯೋ ಥರದ್ದಾದ್ರೆ ಪರ್ವಾಗಿಲ್ಲ, ಬೇರೆ ಥರದ್ದಾದ್ರೆ ಹೊಸ ಸಿನಿಮಾದ ಒಂದೊಂದು ಸೀನೂ ನಿನ್ನೆ ರಾತ್ರಿದ್ರ ಪಕ್ಕ ನಿಂತ್ಕೊಂಡು ಸೋಲ್ತಾ ಹೋಗುತ್ತೆ, ಪಾಪ ಅದಕ್ಕೆ ಉಸಿರಾಡೋಕೂ ಜಾಗ ಇರಲ್ಲ.

ಇನ್ನೊಂದು ಲೋಕಲ್ ವಿಷ್ಯ. ಬೆಂಗಳೂರೋರ ಥರ "ಗಲಾಟೆ ಕಮ್ಮಿ ಆಗ್ಲಿ, ಎರಡನೇ ವಾರ ಹೋಗೋಣ" ಅಂತ ನಾವು ಕಾಯೋಕಾಗಲ್ಲ, ನಮ್ ಕಡೆ ಶುಕ್ರವಾರ ಬಂದ್ರೆ ಸಿನಿಮಾ ಎತ್ತಿಬಿಟ್ಟಿರ್ತಾರೆ. ಮೊದಲ ದಿನದ ಫ್ಯಾನ್ಸ್ ಶೋ ಶಿಳ್ಳೆಗೆ ಚೆನ್ನಾಗಿರುತ್ತೆ, ಆದ್ರೆ ಮಾತು ಒಂದೂ ಕೇಳ್ಸಲ್ಲ. ಸೋಮವಾರ ಮಂಗಳವಾರ ಮಾರ್ನಿಂಗ್ ಶೋ ಬೆಸ್ಟು, ರಜೆ ಹಾಕೋಕೆ ಆಗುತ್ತೆ ಅನ್ನೋರಿಗೆ. ಸಕಲೇಶಪುರದಿಂದ ಹಾಸನಕ್ಕೆ ಹೋಗಿ ನೋಡೋರು ನಲವತ್ತು ಕಿಲೋಮೀಟರ್ ವಾಪಸ್ ಬರ್ಬೇಕು, ಸೆಕೆಂಡ್ ಶೋ ಬಿಟ್ಟು ಬಸ್‌ಸ್ಟ್ಯಾಂಡಲ್ಲಿ ನಿದ್ದೆಗಣ್ಣಲ್ಲಿ ಮಂಗಳೂರು ಬಸ್ಸಿಗೆ ಕಾಯೋ ಸಿಟ್ಟು ಕೂಡ ಸಿನಿಮಾ ತಲೆ ಮೇಲೆ ಬೀಳುತ್ತೆ, ನಿಜ ಹೇಳ್ತೀನಿ. ಒಬ್ರೇ ಹೋಗ್ಬೇಡಿ. ಹತ್ತು ಜನದ ಗ್ಯಾಂಗೂ ಬೇಡ. ಹಳೇ ಸಿನಿಮಾನ ನಿಮ್ಮಷ್ಟೇ ಇಷ್ಟಪಟ್ಟ ಒಬ್ಬರು ಇದ್ರೆ ಸಾಕು.

ಒಳಗೆ ಕೂತ್ಮೇಲೆ ಇಂಟರ್‌ವಲ್ ತನಕ ಏನೂ ತೀರ್ಮಾನ ಮಾಡ್ಬೇಡಿ, ಇಂಟರ್‌ವಲ್‌ನಲ್ಲಿ ಫೋನ್ ತೆಗೀಬೇಡಿ. ಫೋನ್ ತೆಗೆದ್ರೆ ಬೇರೆಯೋರ ಅಭಿಪ್ರಾಯ ಬಂದು ತಲೇಲಿ ಕೂತ್ಕೊಳ್ಳುತ್ತೆ, ಆಮೇಲೆ ಸೆಕೆಂಡ್ ಹಾಫ್ ನೋಡೋದು ನೀವಲ್ಲ.

ಆವತ್ತು ರಾತ್ರಿ

ಏನೂ ಬರೀಬೇಡಿ. ಸ್ಟೇಟಸ್ಸೂ ಹಾಕ್ಬೇಡಿ, ಸ್ಟಾರೂ ಕೊಡ್ಬೇಡಿ. ನಟ ನಟಿಯರನ್ನ ಟ್ಯಾಗ್ ಮಾಡಿ ಬೈಯೋದಂತೂ ಯಾವ ಕಾಲಕ್ಕೂ ಬೇಡ, ಆವತ್ತು ರಾತ್ರಿ ಅಂತಲ್ಲ. ಒಬ್ಬ ಹೊಸ ಹುಡುಗಿ ಬಂದು ಹಳೇ ನಾಯಕಿ ಜಾಗದಲ್ಲಿ ನಿಂತಿರ್ತಾಳೆ, ಕಥೆ ಬರೆದಿದ್ದು ಅವಳಲ್ಲ, ಆದ್ರೆ ಬೈಗುಳ ಮೊದಲು ಹೋಗೋದು ಅವಳಿಗೇ. ಇದು ನನಗೆ ತುಂಬಾ ಸಂಕಟ ಆಗೋ ವಿಷ್ಯ, ಸಿನಿಮಾ ಪ್ರೀತಿಸ್ತೀವಿ ಅನ್ನೋರು ಮಾಡೋ ಕೆಲ್ಸ ಅಲ್ಲ ಅದು.

ಜೊತೇಲಿ ಬಂದೋರ ಹತ್ರ ಮಾತಾಡಿ, ಆದ್ರೆ "ಹೆಂಗಿತ್ತು" ಅಂತ ಕೇಳ್ಬೇಡಿ. "ಯಾವ ಸೀನಲ್ಲಿ ನಿಂಗೆ ಬೋರಾಯ್ತು" ಅಂತ ಕೇಳಿ. ನಾವು ಟೀ ಅಂಗಡಿ ಮುಂದೆ ನಿಂತಿದ್ದಾಗ ನನ್ ಫ್ರೆಂಡು ಸುಮಾರು ಹೊತ್ತು ಮಾತೇ ಆಡ್ಲಿಲ್ಲ, ಆಮೇಲೆ "ಮಗಾ, ನಂಗೆ ಸಿಟ್ಟೇನೂ ಇಲ್ಲ ಕಣೋ, ನಂಗೆ ಒಂದ್ ಸಲಾನೂ ಚಳಿ ಆಗ್ಲಿಲ್ಲ" ಅಂದ. ನನಗೆ ಆವಾಗ ಅರ್ಥ ಆಗ್ಲಿಲ್ಲ. ಆದ್ರೆ ಅವತ್ತು ಅವನು ಹೇಳಿದ್ದನ್ನ ಇಟ್ಕೊಂಡೇ ನಾನು ಮುಂದಿನದೆಲ್ಲ ಹುಡುಕಿದ್ದು. ಅಂಥ ಮಾತು ಬಂದ್ರೆ ಫೋನಲ್ಲಿ ಬರೆದಿಟ್ಕೊಳ್ಳಿ, ಬೆಳಿಗ್ಗೆಗೆ ಮರ್ತೋಗುತ್ತೆ.

ಹಳೇದನ್ನ ಮತ್ತೆ ನೋಡೋದು, ಈ ಸಲ ನೋಟ್‌ಬುಕ್ ಇಟ್ಕೊಂಡು

ಒಂದು ವಾರ ಹತ್ತು ದಿನ ಬಿಟ್ಟು ಹಳೇ ಸಿನಿಮಾ ಹಾಕಿ. ಮೊಬೈಲಲ್ಲಿ ಬೇಡ, ಟಿವಿಲಿ. ಪೈರಸಿ ಕಾಪಿಲಂತೂ ಬೇಡ, ಕಲರ್ ಎಲ್ಲ ಸತ್ತೋಗಿರುತ್ತೆ, ನೀವು ಹುಡುಕ್ತಿರೋದೇ ಅದ್ರಲ್ಲಿ ಕಾಣಲ್ಲ. ಪಕ್ಕದಲ್ಲಿ ಒಂದು ಹಾಳೆ ಇಟ್ಕೊಂಡು, ನಿಮಗೆ ಮೈ ಝುಂ ಅನ್ನೋ ಕಡೆ ಪಾಝ್ ಮಾಡಿ, ಆ ಕ್ಷಣದಲ್ಲಿ ತೆರೆ ಮೇಲೆ ಏನಿದೆ, ಕಿವೀಲಿ ಏನಿದೆ ಅಂತ ಬರೀರಿ. "ಲವ್ ಸೀನ್ ಸೂಪರ್" ಅಂತ ಬರೆದ್ರೆ ಪ್ರಯೋಜನ ಇಲ್ಲ. ಯಾರು ಎಲ್ಲಿ ನಿಂತಿದಾರೆ, ಎಷ್ಟು ಹೊತ್ತು ಮಾತಾಡ್ದೆ ಇದಾರೆ, ಹಿಂದೆ ಏನು ಸದ್ದು, ಅಷ್ಟು.

ನಾನು ಬರೆದಾಗ ಹಾಳೆ ತುಂಬಾ ಮಳೆನೇ ಬಂತು. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ತೀನಿ, ಯಾಕಂದ್ರೆ ಇದು ನಮ್ ಕಡೆಯೋರಿಗೆ ಮಾತ್ರ ಸಲೀಸಾಗಿ ಕಾಣೋ ವಿಷ್ಯ. ಸಿನಿಮಾದಲ್ಲಿ ಮಳೆ ಎರಡು ಥರ. ಒಂದು ಟ್ಯಾಂಕರ್ ನೀರು ತಂದು ಪಂಪ್ ಹಾಕಿ ಪೈಪಿಂದ ಮೇಲಿಂದ ಸುರಿಸೋದು. ಇದು ದಪ್ಪ ಹನಿ, ಕ್ಯಾಮೆರಾಗೆ ಚೆನ್ನಾಗಿ ಕಾಣುತ್ತೆ, ಹನಿ ಹೊಳೀಲಿ ಅಂತ ಹಿಂದಿಂದ ಲೈಟ್ ಬೇರೆ ಬಿಟ್ಟಿರ್ತಾರೆ. ಆದ್ರೆ ಪೈಪ್ ಎಷ್ಟು ದೂರ ಮುಟ್ಟುತ್ತೋ ಅಷ್ಟೇ ಮಳೆ. ಹೀರೋ ಹೀರೋಯಿನ್ ತೊಪ್ಪೆ ಆಗಿರ್ತಾರೆ, ಹಿಂದೆ ಇರೋ ಮರ ಒಣಗಿರುತ್ತೆ, ನೆಲದ ಮೇಲೆ ನೆರಳು ಬಿದ್ದಿರುತ್ತೆ. ಆರಿದ್ರಾ ಮಳೆ ಹಿಡ್ಕೊಂಡ ದಿನ ಸಕಲೇಶಪುರದಲ್ಲಿ ಯಾರಾದ್ರೂ ನೆರಳು ನೋಡಿದೀರಾ? ಇನ್ನೊಂದು ನಿಜವಾದ ಮಳೆ. ಸೋನೆ ಮಳೆ ಕ್ಯಾಮೆರಾಗೆ ಹನಿ ಥರ ಕಾಣೋದೇ ಇಲ್ಲ. ಅದು ಕಾಣೋದು ಬೇರೆ ಕಡೆ, ಹೆಂಚಿನ ತುದಿಯಿಂದ ತೊಟ್ಟಿಕ್ಕೋದ್ರಲ್ಲಿ, ಸಿಲ್ವರ್ ಓಕ್ ಕಾಂಡ ಕಪ್ಪಾಗಿರೋದ್ರಲ್ಲಿ, ದೂರದ ಗುಡ್ಡ ಅರ್ಧಕ್ಕೇ ಕರಗಿ ಹೋಗಿರೋದ್ರಲ್ಲಿ, ಮಣ್ಣು ರಸ್ತೆ ಹೊಳೆಯೋದ್ರಲ್ಲಿ, ಮಧ್ಯಾಹ್ನ ಎರಡು ಗಂಟೆಗೂ ಸಂಜೆ ಆರು ಗಂಟೆ ಬೆಳಕೇ ಇರೋದ್ರಲ್ಲಿ.

ಮೊದಲ್ನೇ ಮುಂಗಾರು ಮಳೆ ಬಹುಪಾಲು ಮಳೆಯಲ್ಲೇ ತೆಗೆದಿದ್ದು, ಆ ಬೆಳಕು ಅದಕ್ಕೆ ಸಿಕ್ಕಿದೆ. ಹಾಡಿಲ್ದೆ, ಡೈಲಾಗಿಲ್ದೆ ಸುಮ್ನೆ ನಿಂತಿರೋ ಕಡೆ ಕೂಡ ಎಲ್ಲ ಒದ್ದೆ ಇದೆ. ಕಥೆನೂ ಅದ್ರ ಮೇಲೇ ನಿಂತಿದೆ, ಮಳೆ ಇದ್ರಿಂದ ಜನ ಒಳಗೆ ಸೇರ್ಕೊಳ್ತಾರೆ, ಒಳಗೆ ಸೇರಿದ್ರಿಂದ ಮಾತು ಬೆಳೆಯುತ್ತೆ, ಮದುವೆ ಮನೇಲಿ ಹೊರಗಿನೋನೊಬ್ಬ ಮನೆಯೋನಾಗ್ತಾ ಹೋಗ್ತಾನೆ. ಮಳೆ ತೆಗೆದ್ಬಿಟ್ರೆ ಆ ಸಿನಿಮಾ ಇಲ್ಲ. ಎರಡನೇದ್ರಲ್ಲಿ ಮಳೆ ಪೂರ್ತಿ ತೆಗೆದಿಟ್ರೂ ಕಥೆ ನಡೆದುಬಿಡುತ್ತೆ ಅಂತ ನನಗೆ ಅನ್ನಿಸ್ತು. ನನ್ ಫ್ರೆಂಡ್ ಚಳಿ ಆಗ್ಲಿಲ್ಲ ಅಂದಿದ್ದು ಇದೇ. ಇಷ್ಟು ಸಿಕ್ಕಿದ ದಿನ ನನ್ನ ಎದೆ ಮೇಲಿನ ಭಾರ ಇಳೀತು ನೋಡಿ, ಯಾಕಂದ್ರೆ ಆಮೇಲೆ ಯಾರ ಮೇಲೂ ಸಿಟ್ಟು ಮಾಡ್ಕೊಳ್ಳೋ ಅಗತ್ಯ ಉಳೀಲಿಲ್ಲ, ನಾನು ಪ್ರೀತಿಸಿದ್ದು ಕಥೆಗಿಂತ ಹೆಚ್ಚಾಗಿ ಆ ಬೆಳಕು ಆ ಒದ್ದೆ ಅಂತ ಗೊತ್ತಾಯ್ತು.

ನಿಮ್ ಸಿನಿಮಾದಲ್ಲಿ ಅದು ಬೇರೆ ಏನೋ ಇರುತ್ತೆ. ವಿಲನ್ ದನಿ ಇರ್ಬಹುದು, ಅಮ್ಮ ಮಗನ ಜಗಳ ಇರ್ಬಹುದು, ಹೀರೋಗೆ ದುಡ್ಡಿಲ್ದೆ ಇರೋದು ಇರ್ಬಹುದು (ಪಾರ್ಟ್ 2ರಲ್ಲಿ ಹೀರೋ ದೊಡ್ಡೋನಾಗಿಬಿಟ್ಟಿರ್ತಾನೆ, ಅಲ್ಲಿಗೆ ಅರ್ಧ ಸಿನಿಮಾ ಹೋಯ್ತು, ಇದು ಸುಮಾರು ಸೀಕ್ವೆಲ್‌ಗಳ ಕಾಯಿಲೆ). ಹಾಳೆ ಮೇಲೆ ಪದೇ ಪದೇ ಬರೋದು ಯಾವುದು ಅಂತ ನೋಡಿದ್ರೆ ಉತ್ತರ ಅಲ್ಲೇ ಇರುತ್ತೆ.

ಹೊಸದ್ರಲ್ಲಿ ಚೆನ್ನಾಗಿರೋದನ್ನೂ ಅದೇ ಹಾಳೆ ಹಿಂದೆ ಬರೀರಿ, ಇದು ಕಡ್ಡಾಯ. ನನಗೆ ಸರಿಯಾಗಿ ನೆನಪಿದೆ ಹಾಡು ಇವತ್ತಿಗೂ ಇಷ್ಟ. ಜಯಂತ್ ಕಾಯ್ಕಿಣಿ ಅವ್ರು ಬರೆದಿದ್ದು, ಅರ್ಮಾನ್ ಮಲಿಕ್ ಹಾಡಿದ್ದು, ಅರ್ಜುನ್ ಜನ್ಯ ಮ್ಯೂಸಿಕ್. ಮೊದಲ್ನೇದ್ರ ಅನಿಸುತಿದೆ ಹಾಡು ಬರೆದಿದ್ದೂ ಕಾಯ್ಕಿಣಿಯವ್ರೇ, ಸೋನು ನಿಗಮ್ ಹಾಡಿದ್ದು. ಅಂದ್ರೆ ಹಳೇದ್ರಿಂದ ಹೊಸದಕ್ಕೆ ಒಂದು ಎಳೆ ಗಟ್ಟಿಯಾಗೇ ಬಂದಿದೆ, ಪೂರ್ತಿ ಕಡಿದುಹೋಗಿಲ್ಲ. ಮಳೆಗಾಲದಲ್ಲಿ ತೋಟದಿಂದ ಬರ್ತಾ ಜೀಪಲ್ಲಿ ಎರಡೂ ಹಾಡು ಒಂದಾದ್ಮೇಲೊಂದು ಹಾಕ್ತೀನಿ, ಒಂದಕ್ಕೊಂದು ಜಗಳ ಏನೂ ಆಡಲ್ಲ.

ವಯಸ್ಸಿನ ಅನುಮಾನ ಇದ್ರೆ

"ಆವಾಗ ನಾವು ಹುಡುಗ್ರು, ಅದಕ್ಕೆ ಚೆನ್ನಾಗಿ ಕಾಣ್ತು, ಈಗ ಯಾವುದು ಬಂದ್ರೂ ಇಷ್ಟ ಆಗಲ್ಲ" ಅಂತ ಯಾರಾದ್ರೂ ಹೇಳೇ ಹೇಳ್ತಾರೆ. ಇದನ್ನ ಸುಮ್ನೆ ಒಪ್ಕೊಳ್ಳೋದೂ ಬೇಡ, ತಳ್ಳಿಹಾಕೋದೂ ಬೇಡ, ಟೆಸ್ಟ್ ಮಾಡಿ. ಎರಡನ್ನೂ ನೋಡದೆ ಇರೋ ಚಿಕ್ಕ ವಯಸ್ಸಿನೋರನ್ನ ಕೂರ್ಸಿ, ಮೊದಲು ಏನೂ ಹೇಳದೆ ಹಳೇದು ತೋರ್ಸಿ, ನೀವು ತೆರೆ ನೋಡ್ಬೇಡಿ, ಅವ್ರ ಮುಖ ನೋಡಿ.

ನಾನು ತೋರ್ಸಿದ್ದು ನಮ್ಮಕ್ಕನ ಮಗಳಿಗೆ, ಅವಳು ಹುಟ್ಟಿದ್ದೇ ಸಿನಿಮಾ ಬಂದ್ಮೇಲೆ. ಪ್ರೀತಮ್ ಮಾಲ್ ಮುಂದೆ ಹುಡುಗಿನ ನೋಡ್ತಾ ಮ್ಯಾನ್‌ಹೋಲ್‌ಗೆ ಬೀಳೋದಕ್ಕೆ ನಕ್ಕಳು. ಮೊಲ ಬಂದಾಗ ಫೋನ್ ಕೆಳಗಿಟ್ಟಳು. ಮಧ್ಯದಲ್ಲಿ ಒಂದ್ ಕಡೆ, "ಮಾಮ, ಬೇಡ ಅಂದ್ಮೇಲೂ ಹಿಂಗೆ ಹಿಂದೆ ಬಿದ್ರೆ ನಂಗೆ ಭಯ ಆಗ್ತಿತ್ತು" ಅಂದಳು. ಅವಳು ಹೇಳಿದ್ದು ಸರಿ, ನಾನು ಅದನ್ನ ಆ ಕಣ್ಣಿಂದ ನೋಡೇ ಇರ್ಲಿಲ್ಲ, ಅದನ್ನೂ ಹಾಳೇಲಿ ಬರೆದೆ. ಕೊನೇಲಿ ದೇವದಾಸ್ ಮೊಲ ಸತ್ತಾಗ ಎದ್ದು ನೀರು ಕುಡಿಯೋಕೆ ಅಂತ ಒಳಗೆ ಹೋದೋಳು ಬೇಗ ಬರ್ಲಿಲ್ಲ. ನನಗೆ ಅಷ್ಟು ಸಾಕಾಗಿತ್ತು. ಹಳೇ ಸಿನಿಮಾದಲ್ಲಿ ತಪ್ಪಿದೆ, ಆದ್ರೂ ಅದು ಚೆನ್ನಾಗಿ ಕಂಡಿದ್ದು ನಾವು ಹುಡುಗ್ರಾಗಿದ್ವಿ ಅನ್ನೋ ಒಂದೇ ಕಾರಣಕ್ಕಲ್ಲ.

ನಿಮ್ ಟೆಸ್ಟಲ್ಲಿ ಮಗು ಹಳೇದಕ್ಕೆ ಆಕಳಿಸಿ ಹೊಸದಕ್ಕೆ ಚಪ್ಪಾಳೆ ಹೊಡೀಬಹುದು. ಹಂಗಾದ್ರೆ ಅದನ್ನೂ ಬರ್ಕೊಳ್ಳಿ, ಮುಚ್ಚಿಡ್ಬೇಡಿ.

ಆ ಜಾಗಕ್ಕೆ ಹೋಗ್ಬೇಕು ಅನ್ಸಿದ್ರೆ

ಬೇರೆ ಊರಿನ ಫ್ಯಾನ್‌ಗಳು ಕೇಳ್ತಾ ಇರ್ತಾರೆ, ಅದಕ್ಕೆ ಎರಡು ಮಾತು. ಸಿನಿಮಾದ ಮಳೆ ಬೇಕು ಅಂದ್ರೆ ಜೂನ್ ಕೊನೆಯಿಂದ ಆಗಸ್ಟ್ ಒಳಗೆ ಬನ್ನಿ, ಡಿಸೆಂಬರಲ್ಲಿ ಬಂದು "ಮಳೆನೇ ಇಲ್ವಲ್ಲ" ಅಂದ್ರೆ ನಾವೇನ್ ಮಾಡೋಣ. ಕಾಫಿ ತೋಟ ಎಲ್ಲ ಯಾರದ್ದೋ ಸ್ವಂತ ಜಾಗ, ಗೇಟ್ ತೆಗೆದಿದೆ ಅಂತ ನುಗ್ಗಿ ಫೋಟೋ ತೆಗೀಬೇಡಿ, ತೋಟ ನೋಡ್ಕೊಳ್ಳೋ ರೈಟರ್ರನ್ನೋ ಓನರ್ರನ್ನೋ ಕೇಳಿ, ಮರ್ಯಾದೆಯಾಗಿ ಕೇಳಿದ್ರೆ ಸುಮಾರು ಜನ ಬಿಡ್ತಾರೆ, ಕಾಫಿನೂ ಕೊಡ್ತಾರೆ. ಮಂಜರಾಬಾದ್ ಕೋಟೆ ಹೈವೇ ಪಕ್ಕದಲ್ಲೇ ಇದೆ, ಟಿಪ್ಪು ಕಾಲದ್ದು, ಮೇಲಿಂದ ನೋಡಿದ್ರೆ ನಕ್ಷತ್ರದ ಆಕಾರ, ಮಳೆಗಾಲದಲ್ಲಿ ಮಂಜು ಕವಿದ್ರೆ ಎದುರು ಗೋಡೆನೂ ಕಾಣಲ್ಲ, ಮೆಟ್ಟಿಲು ಜಾರುತ್ತೆ. ಛತ್ರಿ ಗಾಳಿಗೆ ಉಲ್ಟಾ ಆಗುತ್ತೆ, ರೈನ್‌ಕೋಟ್ ತನ್ನಿ. ಇಂಬಳಕ್ಕೆ, ಅಂದ್ರೆ ಜಿಗಣೆಗೆ, ಉಪ್ಪು ಇಟ್ಕೊಳ್ಳಿ. ಸುಬ್ರಹ್ಮಣ್ಯ ಕಡೆ ರೈಲ್ವೆ ಹಳಿ ಮೇಲೆ ಟ್ರೆಕ್ಕಿಂಗ್ ನಿಷೇಧ ಇದೆ, ಯಾರೋ ಕರ್ಕೊಂಡ್ ಹೋಗ್ತೀನಿ ಅಂದ್ರೂ ಹೋಗ್ಬೇಡಿ. ಶಿರಾಡಿ ಘಾಟಿ ಜೋರು ಮಳೆಗೆ ಗುಡ್ಡ ಕುಸಿದು ಬಂದ್ ಆಗೋದುಂಟು, ಹೊರಡೋ ಮುಂಚೆ ವಿಚಾರಿಸ್ಕೊಳ್ಳಿ.

ಈಗ ಬರೀರಿ

ಹಾಳೆ ತುಂಬಿದೆ, ಸಿಟ್ಟು ಇಳಿದಿದೆ, ಈಗ ನಾಲ್ಕು ಜನ ಓದೋ ಹಾಗೆ ಬರೀಬಹುದು. ಮೊದಲು ಬಿಡ್ಬೇಕಾಗಿರೋದು ಹೇಳ್ತೀನಿ. ಕಲೆಕ್ಷನ್ ಎಷ್ಟಾಯ್ತು ಅನ್ನೋ ಮಾತು ಬಿಡಿ, ಸಿನಿಮಾ ಸೋತಿದ್ರಿಂದ ನಿಮ್ಮ ಬೇಜಾರು ಸರಿ ಆಗಲ್ಲ, ಗೆದ್ದಿದ್ರೆ ತಪ್ಪೂ ಆಗಲ್ಲ. ಬೇರೆ ಹೀರೋ ಫ್ಯಾನ್‌ಗಳ ಜೊತೆ ಹೋಲಿಕೆ ಬಿಡಿ. "ನಾನಾಗಿದ್ರೆ ಹಿಂಗೆ ತೆಗೀತಿದ್ದೆ" ಅನ್ನೋದೂ ಬಿಡಿ. ಕೊನೇ ಸೀನ್ ಏನು ಅಂತ ಬರೆದು ಇನ್ನೂ ನೋಡದೆ ಇರೋರ ಹೊಟ್ಟೆ ಉರಿಸ್ಬೇಡಿ, ಬರೀಲೇಬೇಕು ಅಂದ್ರೆ ಮೊದಲ್ನೇ ಸಾಲಲ್ಲೇ ಹೇಳ್ಬಿಡಿ.

ಆಮೇಲೆ ನೀವು ಏನು ಹುಡುಕ್ಕೊಂಡು ಹೋಗಿದ್ರಿ ಅಂತ ನೇರವಾಗಿ ಬರೀರಿ, ಅದು ಎಲ್ಲಿ ಸಿಗ್ಲಿಲ್ಲ ಅಂತ ಒಂದು ಸೀನ್ ಹಿಡಿದು ತೋರ್ಸಿ, ಸಿಕ್ಕಿದ್ದೇನು ಅದನ್ನೂ ಹೇಳಿ. "ಸೆಕೆಂಡ್ ಹಾಫ್ ಲ್ಯಾಗು" ಅಂತ ಬರೆದ್ರೆ ತೆಗೆದೋರಿಗೂ ಏನೂ ಗೊತ್ತಾಗಲ್ಲ, ಓದೋರಿಗೂ ಗೊತ್ತಾಗಲ್ಲ. "ಮೊದಲ್ನೇದ್ರಲ್ಲಿ ಮಳೆ ಬಂತು ಅಂತ ಇಬ್ರೂ ಒಂದೇ ಸೂರಿನಡಿ ನಿಲ್ಬೇಕಾಗುತ್ತೆ, ಅದ್ರಿಂದ ಮುಂದಿನ ಮಾತು ಹುಟ್ಟುತ್ತೆ, ಇಲ್ಲಿ ಮಳೆ ಹಾಡಿಗೆ ಬಂದು ಹಾಡಿನ ಜೊತೆ ಹೋಗುತ್ತೆ ಅಂತ ನನಗನ್ನಿಸ್ತು" ಅಂತ ಬರೆದ್ರೆ ಒಪ್ಪದೆ ಇರೋನೂ ಆ ಸೀನ್ ಮತ್ತೆ ಹಾಕಿ ನೋಡ್ತಾನೆ. ಉದ್ದ ಆದ್ರೂ ಪರ್ವಾಗಿಲ್ಲ. ಸಿನಿಮಾ ತೆಗೆಯೋರೂ ಇಂಥದ್ದಕ್ಕೆ ಕಿವಿ ಕೊಡಲ್ಲ ಅಂತೇನಿಲ್ಲ, ಗಾಡ್‌ಫಾದರ್ ಮೂರನೇ ಭಾಗ 1990ರಲ್ಲಿ ಬಂದು ಎಷ್ಟೋ ಜನಕ್ಕೆ ಹಿಡಿಸ್ದೆ ಇದ್ದಾಗ ಮೂವತ್ತು ವರ್ಷ ಆದ್ಮೇಲೆ 2020ರಲ್ಲಿ ಅದ್ರ ಡೈರೆಕ್ಟರ್ ಕೊಪ್ಪೋಲಾನೇ ಕೂತು ಅದನ್ನ ಮತ್ತೆ ಎಡಿಟ್ ಮಾಡಿ ಹೊಸ ಹೆಸ್ರಲ್ಲಿ ಬಿಟ್ರು.

ಬರೆದು ಹಾಕಿದ್ಮೇಲೆ ಜಗಳಕ್ಕೆ ಬರೋರು ಬರ್ತಾರೆ. "ನಿಂಗೆ ಸಿನಿಮಾ ನೋಡೋಕೆ ಬರಲ್ಲ" ಅನ್ನೋರಿಗೆ ಉತ್ತರ ಕೊಡೋದೇ ಬೇಡ. ಆದ್ರೆ "ನಂಗೆ ಪಾರ್ಟ್ 2 ಇಷ್ಟ ಆಯ್ತಲ್ಲ" ಅಂತ ಯಾರಾದ್ರೂ ಮೆಲ್ಲಗೆ ಹೇಳಿದ್ರೆ ದಯವಿಟ್ಟು ಅವ್ರನ್ನ ತಿದ್ದೋಕೆ ಹೋಗ್ಬೇಡಿ. ಅವ್ರು ಆ ಸಿನಿಮಾನ ಕಾಲೇಜಲ್ಲಿ ಯಾರದ್ದೋ ಜೊತೆ ನೋಡಿರ್ತಾರೆ, ನಿಮಗೆ ಮೊದಲ್ನೇದು ಹೆಂಗೋ ಅವ್ರಿಗೆ ಅದು ಹಂಗೆ. ಯಾವ ಸೀನ್ ಇಷ್ಟ ಆಯ್ತು ಅಂತ ಕೇಳಿ, ಅವ್ರು ಹೇಳಿದ ಸೀನ್‌ನ ಒಂದ್ ಸಲ ಹಾಕಿ ನೋಡಿ, ಹಾಳೆ ಹಿಂದೆ ಜಾಗ ಇದ್ರೆ ಅದನ್ನೂ ಸೇರ್ಸಿ.